ಪುಟ್ಟ ಕ್ಯಾಮೆರಾದಲ್ಲಿ ಆಟೋ ಮೇಲೋ, ಮ್ಯಾನ್ಯುಯಲ್ ಮೇಲೋ?

ಜೇಬಿಗೆ ಹಿಡಿಯುವ ಡಿಜಿಟಲ್ ಕ್ಯಾಮೆರಾ ಕೈಗೆ ಬಂದರೆ ಸಲಹೆಗಳೂ ಜೊತೆಗೇ ಬರುತ್ತವೆ. ಮ್ಯಾನ್ಯುಯಲ್ ಕಲಿಯದಿದ್ದರೆ ಫೋಟೋಗ್ರಫಿನೇ ಅಲ್ಲ ಅನ್ನುವವರು ಒಂದು ಕಡೆ, ಆಟೋ ಇರುವಾಗ ತಲೆ ಯಾಕೆ ಕೆಡಿಸಿಕೊಳ್ಳಬೇಕು ಅನ್ನುವವರು ಇನ್ನೊಂದು ಕಡೆ. ನಾನು ಒಂದೇ ದೃಶ್ಯವನ್ನು ಎರಡರಲ್ಲೂ ತೆಗೆದು ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಕೊನೆಗೆ ನನ್ನ ಡಯಲ್ ಬಂದು ನಿಂತದ್ದು ಇವೆರಡರ ನಡುವೆ ಇರುವ ಪಿ ಮೋಡ್‌ನಲ್ಲಿ. ಅದರಲ್ಲಿ ಬೆಳಕಿನ ಲೆಕ್ಕ ಕ್ಯಾಮೆರಾನೇ ಹಾಕುತ್ತದೆ, ಬೇಕಾದರೆ ನಾವು ತಿದ್ದಬಹುದು.

ಮೊದಲು ಆಟೋ ಎಲ್ಲಿ ಸೋಲುತ್ತದೆ ನೋಡೋಣ. ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ಹಾಕಿದವರನ್ನು ನಿಲ್ಲಿಸಿ ತೆಗೆಯಿರಿ. ಗೋಡೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಮುಖ ಕಪ್ಪಿಡುತ್ತದೆ. ಕಪ್ಪು ಬೆಕ್ಕನ್ನು ಹತ್ತಿರದಿಂದ ತೆಗೆದರೆ ಅದೂ ಬೂದಿಯೇ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರಿಗೆ ಎದುರಿಗಿರುವುದು ಏನು ಅಂತ ಗೊತ್ತಿಲ್ಲ. ಬಿದ್ದ ಬೆಳಕಿನಲ್ಲಿ ಸುಮಾರು 18% ಅನ್ನು ಹಿಂದಕ್ಕೆ ಕಳಿಸುವ ನಡುಬೂದಿ ಬಣ್ಣದ ವಸ್ತು ಅಂದುಕೊಂಡು ಅದು ಲೆಕ್ಕ ಹಾಕುತ್ತದೆ. ಮುಖ ಗುರುತಿಸುವ ಸೌಲಭ್ಯ ಇದ್ದರೆ ಸ್ವಲ್ಪ ಸುಧಾರಿಸುತ್ತದೆ, ಅಷ್ಟೇ.

ಬಿಳಿ ಗೋಡೆಗೆ ಆಟೋ 1/250 ಸೆಕೆಂಡ್ ಶಟರ್ (ಬೆಳಕನ್ನು ಒಳಗೆ ಬಿಡುವ ಹೊತ್ತು) ಕೊಟ್ಟಿತ್ತು. ಎಂ, ಅಂದರೆ ಮ್ಯಾನ್ಯುಯಲ್ ಮೋಡ್‌ನಲ್ಲಿ ಉಳಿದದ್ದನ್ನೆಲ್ಲ ಹಾಗೇ ಬಿಟ್ಟು 1/125 ಇಟ್ಟೆ, ಎರಡರಷ್ಟು ಬೆಳಕು. ಗೋಡೆ ಬೆಳ್ಳಗಾಯಿತು. ಆಮೇಲೆ ಪಿ ಮೋಡ್‌ಗೆ ಬಂದು ಬೆಳಕು ಹೆಚ್ಚು-ಕಡಿಮೆ ಮಾಡುವ ಪ್ಲಸ್-ಮೈನಸ್ ಗುಂಡಿಯಲ್ಲಿ +1 ಕೊಟ್ಟೆ, ಅದೂ ಎರಡರಷ್ಟು ಬೆಳಕೇ. ಎಂ ಫೋಟೋಗೂ ಇದಕ್ಕೂ ಒಂದು ಚೂರೂ ವ್ಯತ್ಯಾಸ ಇಲ್ಲ! ಅಷ್ಟರಲ್ಲಿ ಬಿಸಿಲಿಗೆ ಮೋಡ ಅಡ್ಡ ಬಂತು. ಎಂ ಮೋಡ್‌ನ ಮುಂದಿನ ಫೋಟೋ ಕಪ್ಪಾಯಿತು, ಪಿ ತಾನೇ ಸರಿಮಾಡಿಕೊಂಡಿತು. ಬೆಳಕು ಬದಲಾಗುತ್ತಿರುವ ಕಡೆ ಎಂ ಹಿಡಿದು ಕೂತರೆ ಸುಮ್ನೆ ಚಕ್ರ ತಿರುಗಿಸುವುದೇ ಕೆಲಸ. ಅದೂ ಪುಟ್ಟ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಇರುವುದು ಒಂದೇ ಚಕ್ರ. ಶಟರ್‌ನಿಂದ ಅಪರ್ಚರ್‌ಗೆ (ಬೆಳಕು ಒಳಗೆ ಬರುವ ರಂಧ್ರ) ಹೋಗಲು ಬೇರೆ ಗುಂಡಿ ಒತ್ತಬೇಕು, ಬಿಸಿಲಿನಲ್ಲಿ ಪರದೆಯೂ ನೆಟ್ಟಗೆ ಕಾಣುವುದಿಲ್ಲ.

ಹಸಿರು ಗುರುತಿನ ಪೂರ್ತಿ ಆಟೋದಲ್ಲಿ ಬಹಳಷ್ಟು ಕ್ಯಾಮೆರಾಗಳು ಈ ಪ್ಲಸ್-ಮೈನಸ್ ಮುಟ್ಟಲು ಬಿಡುವುದೇ ಇಲ್ಲ. ನನಗೆ ಆಟೋ ಮೇಲೆ ಇರುವ ದೊಡ್ಡ ತಕರಾರು ಇದೇ. ಅದು ತಪ್ಪುವುದು ಯಾವಾಗಲೂ ಒಂದೇ ರೀತಿ, ತಿದ್ದುವುದೂ ಸುಲಭ. ಆದರೆ ತಿದ್ದಲು ಅವಕಾಶ ಕೊಡಬೇಕಲ್ವಾ? ಸೂರ್ಯ ಮುಳುಗುವ ಹೊತ್ತಿನ ಕೆಂಪನ್ನು ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಮಂಕು ಮಾಡುವುದೂ ಹೀಗೇ. ಪಿ ಮೋಡ್‌ನಲ್ಲಿ ಅದನ್ನು ಬಿಸಿಲಿನ ಗುರುತಿಗೆ ಹಾಕಿಬಿಟ್ಟರೆ ಬಣ್ಣ ಉಳಿಯುತ್ತದೆ.

ಎಂ ಬೇಕು ಅನ್ನುವವರು ಮುಖ್ಯವಾಗಿ ಹೇಳುವುದು ಅಪರ್ಚರ್ ಬಗ್ಗೆ: ಹಿನ್ನೆಲೆ ಮಸುಕಾಗಿಸಬಹುದು ಅಂತ. ದೊಡ್ಡ ಕ್ಯಾಮೆರಾದಲ್ಲಿ ನಿಜ. ಆದರೆ ಸಾಮಾನ್ಯ ಪುಟ್ಟ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಅಗಲ ಸುಮಾರು 6 ಮಿ.ಮೀ., ದೊಡ್ಡ ಫುಲ್ ಫ್ರೇಮ್ ಕ್ಯಾಮೆರಾದ್ದು 36 ಮಿ.ಮೀ. ಇಷ್ಟು ಚಿಕ್ಕ ಸೆನ್ಸರಿನಲ್ಲಿ ರಂಧ್ರ ಅಗಲವಾಗಿರುವ ಎಫ್ 2.8 ಇಟ್ಟರೂ ಕಿರಿದಾಗಿರುವ ಎಫ್ 8 ಇಟ್ಟರೂ ನಾಲ್ಕು ಹೆಜ್ಜೆ ದೂರ ನಿಂತವರ ಹಿಂದಿನ ಗಿಡಗಳು ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಎಫ್ 8ರಲ್ಲಿ ಎಲೆಗಳ ಅಂಚು ಮೊಂಡಾಗುತ್ತದೆ, ಅದೊಂದೇ ಬದಲಾವಣೆ. ರಂಧ್ರ ಅಷ್ಟು ಕಿರಿದಾದಾಗ ಬೆಳಕು ಹರಡಿಕೊಳ್ಳುತ್ತದೆ, ಅದರ ಫಲ ಇದು. ಇನ್ನು ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಕಿರಿದಾಗುವ ಅಪರ್ಚರೇ ಇರುವುದಿಲ್ಲ. ಬೆಳಕು ತಗ್ಗಿಸಲು ಲೆನ್ಸ್ ಒಳಗೆ ಒಂದು ಕಪ್ಪು ಫಿಲ್ಟರ್ ಅಡ್ಡ ಬರುತ್ತದೆ, ಪರದೆಯ ಮೇಲೆ ಮಾತ್ರ ಎಫ್ ಸಂಖ್ಯೆ ಠೀವಿಯಿಂದ ಬದಲಾಗುತ್ತದೆ!

ಶಟರ್ ವಿಷಯ ಬೇರೆ. ಮನೆಯೊಳಗೆ ಓಡಾಡುವ ಮಗುವಿಗೆ ಆಟೋ 1/30 ಇಟ್ಟರೆ ಕೈಕಾಲು ಗೆರೆಗೆರೆಯಾಗಿ ಬರುತ್ತವೆ. ಅಲುಗಾಟ ತಡೆಯುವ ವ್ಯವಸ್ಥೆ ಇದಕ್ಕೆ ಉಪಯೋಗವಿಲ್ಲ. ಅದು ನಿಮ್ಮ ಕೈ ನಡುಗುವುದನ್ನು ಸರಿಮಾಡುತ್ತದೆ, ಮಗುವನ್ನು ನಿಲ್ಲಿಸುವುದಿಲ್ಲ. 1/250 ಇಟ್ಟರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿ ಫೋಟೋ ಕಾಳುಕಾಳಾಗುತ್ತದೆ. ಆದರೂ ನನ್ನ ಓಟು ಕಾಳಿಗೇ. ಮಸುಕಾದ ಮುಖವನ್ನು ಆಮೇಲೆ ಏನೂ ಮಾಡಲಾಗುವುದಿಲ್ಲ. ಇದಕ್ಕೂ ಎಂ ಬೇಕಿಲ್ಲ, ಶಟರ್ ಮಾತ್ರ ನಮ್ಮ ಕೈಲಿರುವ ಎಸ್ ಅಥವಾ ಟಿವಿ ಮೋಡ್ ಸಾಕು.

ಹಾಗಾದರೆ ಎಂ ದಂಡವಾ? ಹುಣ್ಣಿಮೆ ಚಂದ್ರನ ಎದುರು ಖಂಡಿತ ಅಲ್ಲ. ಆಟೋದಲ್ಲಿ ಚಂದ್ರ ಬರೀ ಬಿಳಿ ಚುಕ್ಕೆ. ಸುತ್ತಲಿನ ಕತ್ತಲೆ ನೋಡಿ ಮೀಟರ್ ಮೋಸ ಹೋಗುತ್ತದೆ. ಚಂದ್ರನ ಮೇಲೆ ಬಿದ್ದಿರುವುದು ಬಿಸಿಲು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಐಎಸ್ಒ 100, ಎಫ್ 5.6, 1/250 ಇಟ್ಟು, ಝೂಮ್ ಪೂರ್ತಿ ಎಳೆದು, ಫೋಕಸ್ ಅನಂತಕ್ಕೆ ಹಾಕಿ, ಕ್ಯಾಮೆರಾವನ್ನು ಗಟ್ಟಿಯಾದ ಕಡೆ ಇಟ್ಟು 2 ಸೆಕೆಂಡಿನ ಟೈಮರ್‌ನಲ್ಲಿ ತೆಗೆದೆ. ಬೂದು ಕಲೆಗಳು ಬಿಡಿಬಿಡಿಯಾಗಿ ಬಂದವು. ಪಟಾಕಿಗೂ ಎಂ ಒಳ್ಳೆಯದು: ಐಎಸ್ಒ 100, ಎರಡು-ಮೂರು ಸೆಕೆಂಡ್, ಕ್ಯಾಮೆರಾ ಸ್ಟ್ಯಾಂಡ್ ಮೇಲೆ. ಪನೋರಮಾಗೆ ಫೋಟೋಗಳನ್ನು ಜೋಡಿಸುವುದಿದ್ದರೂ ಅಷ್ಟೇ, ಒಂದೊಂದರ ಬೆಳಕು ಒಂದೊಂದು ಥರ ಆಗದಂತೆ ಎಂ ತಡೆಯುತ್ತದೆ.

ಉಳಿದಂತೆ ನನ್ನದು ಪಿ, ಆಟೋ ಐಎಸ್ಒಗೆ 1600ರ ಮಿತಿ. ಹೊಸದಾಗಿ ಕೊಳ್ಳುವವರು ಡಯಲ್ ಮೇಲೆ ಎಂ ಇಲ್ಲ ಅಂತ ಜಾಸ್ತಿ ಕೊರಗಬೇಕಿಲ್ಲ. ಪ್ಲಸ್-ಮೈನಸ್ ಗುಂಡಿ ಹೊರಗೇ ಇದೆಯಾ ನೋಡಿ. ಅದನ್ನು ಮೆನುವಿನ ಒಳಗೆಲ್ಲೋ ಹುಡುಕಬೇಕಾದ ಮಾಡೆಲ್ ಆದರೆ ನಾನಂತೂ ಕೊಳ್ಳುವುದಿಲ್ಲ.