ನೆಲವೋ, ಟಾಪೋ, ಡಿಕ್ಕಿಯೋ: 41 ರಾತ್ರಿಯ ಲೆಕ್ಕ

ಮದುವೆಯಾಗಿ 34 ವರ್ಷ. ಮನೆಯಲ್ಲಿ ಮಲಗುವ ಜಾಗದ ಬಗ್ಗೆ ನಾವು ಮಾತಾಡಿದ್ದೇ ಇಲ್ಲ. ಇವರದು ಬಾಗಿಲ ಕಡೆ, ನನ್ನದು ಗೋಡೆ ಕಡೆ, ಮುಗಿಯಿತು. ದೇಶದ ಈ ತುದಿಯಿಂದ ಆ ತುದಿಗೆ ಕಾರಿನಲ್ಲೇ ಹೋಗಿಬರೋಣ, ಹೋಟೆಲ್ ಬೇಡ ಎಂದು ಹೊರಟಾಗ ಮೊದಲ ಜಗಳ ಶುರುವಾಗಿದ್ದೇ ಅದರ ಮೇಲೆ. ಇವರಿಗೆ ಕಾರಿನ ನೆತ್ತಿಯ ಮೇಲೆ ಬಿಚ್ಚಿಕೊಳ್ಳುವ ಟೆಂಟ್ ಬೇಕು. ನನಗೆ ನೆಲದ ಟೆಂಟೇ ಸಾಕು. ಕೊನೆಗೆ 9 ರಾತ್ರಿ ಟಾಪ್ ಮೇಲೆ, 17 ರಾತ್ರಿ ನೆಲದ ಮೇಲೆ, 15 ರಾತ್ರಿ ಕಾರಿನೊಳಗೆ ಕಳೆದೆವು. ಟಾಪ್ ಟೆಂಟ್ ಬಾಡಿಗೆಯದು. ದಾರಿಯಲ್ಲೇ ವಾಪಸು ಕೊಡುವ ಮಾತಾಗಿತ್ತು, ಅದೇ ಪುಣ್ಯ.

ಮೊದಲು ಅದರ ಒಳ್ಳೆಯದನ್ನೇ ಹೇಳುತ್ತೇನೆ. ಹಾಸಿಗೆ ದಪ್ಪಗೆ, ಸಮತಟ್ಟಾಗಿರುತ್ತದೆ. ಕೆಸರಿಲ್ಲ, ಕಲ್ಲು ಚುಚ್ಚುವುದಿಲ್ಲ, ಇರುವೆ ಬರುವುದಿಲ್ಲ. ಹತ್ತು ನಿಮಿಷದಲ್ಲಿ ಬಿಚ್ಚಬಹುದು. ಮೊದಲ ಬೆಳಗ್ಗೆ ಕಿಟಕಿ ತೆರೆದು ನೋಡಿದಾಗ ‘ಇವರು ಹೇಳಿದ್ದೇ ಸರಿ’ ಅನ್ನಿಸಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಎರಡನೇ ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾಯಿತು. ಈ ವಯಸ್ಸಿನಲ್ಲಿ ಆಗುತ್ತದೆ. ಹೊರಗೆ ಹೋಗಬೇಕು, ಆದರೆ ಏಣಿ ಇವರ ಕಡೆಗಿದೆ. ಇವರನ್ನು ದಾಟಿ, ಜಿಪ್ ಎಳೆದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಇಬ್ಬನಿಗೆ ಒದ್ದೆಯಾದ ಮೆಟ್ಟಿಲ ಮೇಲೆ ಹಿಮ್ಮುಖವಾಗಿ ಇಳಿಯಬೇಕು. ನನ್ನ ಎಡಮಂಡಿ ಪ್ರತಿ ಮೆಟ್ಟಿಲಿಗೂ ಒಂದು ಮಾತು ಹೇಳಿತು. ಇಳಿಯುವಾಗ ಇಡೀ ಕಾರು ತೊಟ್ಟಿಲಿನ ಹಾಗೆ ತೂಗುತ್ತದೆ, ಹಾಗಾಗಿ ಮಲಗಿದವರಿಗೂ ನಿದ್ದೆಯಿಲ್ಲ. ಹತ್ತಿ ಬಂದು ಮಲಗಿದ ಅರ್ಧ ಗಂಟೆಗೆ ಇವರ ಸರದಿ.

ಇನ್ನೊಂದು ತೊಂದರೆ ನಮಗೆ ಹೊಳೆದೇ ಇರಲಿಲ್ಲ. ಒಂದೇ ಕಡೆ ಮೂರು ದಿನ ಉಳಿದಾಗ ನೀರು ತರಲು ಕಾರು ಬೇಕು ಅಂದರೆ ಮನೆಯನ್ನೇ ಮಡಚಬೇಕು. ಬಿಚ್ಚಲು ಹತ್ತು ನಿಮಿಷವಾದರೆ, ಮಳೆಯಲ್ಲಿ ನೆನೆದ ಬಟ್ಟೆಯನ್ನು ಮಡಚಿ ಕವರ್ ಎಳೆಯಲು ಇಪ್ಪತ್ತೈದು ನಿಮಿಷ. ತೂಕವನ್ನೂ ನೋಡಬೇಕು. ಇಬ್ಬರ ಟಾಪ್ ಟೆಂಟ್ 50ರಿಂದ 70 ಕೆಜಿವರೆಗೂ ಇರುತ್ತದೆ. ಓಡುವಾಗ ಟಾಪ್ ಮೇಲೆ ಎಷ್ಟು ಹೊರಬಹುದು ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ, ಎಷ್ಟೋ ಕಾರುಗಳಿಗೆ ಅದು 75 ಕೆಜಿ ಆಸುಪಾಸು. ಅದರಲ್ಲಿ ಕ್ಯಾರಿಯರ್ ತೂಕವನ್ನೂ ಕಳೆಯಬೇಕು. ನಿಂತಾಗ ಜಾಸ್ತಿ ತಡೆಯುತ್ತದೆ, ಇಲ್ಲದಿದ್ದರೆ ನಾವಿಬ್ಬರು ಮಲಗುವುದು ಹೇಗೆ? ಎತ್ತರವೂ ಮರೆತುಹೋಗುತ್ತದೆ. ಒಂದು ಪಾರ್ಕಿಂಗ್ ಕಮಾನಿನ ಕೆಳಗೆ ನುಗ್ಗಿಸಲು ಹೊರಟವರನ್ನು ನಾನು ಕೂಗಿ ನಿಲ್ಲಿಸಿದೆ. ಆಮೇಲೆ ಇವರು ‘ನೋಡಿದ್ದೆ ಕಣೇ’ ಅಂದರು. ನೋಡಿರಲಿಲ್ಲ.

ಕಾರಿನೊಳಗೆ ಮಲಗುವುದನ್ನು ನಾವು ಯೋಚಿಸಿಯೇ ಇರಲಿಲ್ಲ. ಒಂದು ಸಂಜೆ ಗುಡುಗು ಜೋರಾಯಿತು. ಸಿಡಿಲಿಗೆ ಟೆಂಟ್ ಯಾವ ರಕ್ಷಣೆಯೂ ಅಲ್ಲ, ನೆಲದ್ದಾದರೂ ಅಷ್ಟೇ, ಟಾಪ್‌ನದಾದರೂ ಅಷ್ಟೇ. ಲೋಹದ ಮೈಯಿರುವ ಕಾರಿನೊಳಗೆ ಕಿಟಕಿ ಮುಚ್ಚಿ ಕೂತರೆ ಮಿಂಚು ಹೊರಮೈಯಲ್ಲೇ ಹರಿದು ನೆಲ ಸೇರುತ್ತದೆ. ಅವತ್ತು ಕೂತೇ ರಾತ್ರಿ ಕಳೆದೆವು. ಮರುದಿನ ಒಂದು ಪ್ಲೈವುಡ್ ಹಲಗೆ ಕೊಯ್ಸಿ, ಮಡಚಿದ ಹಿಂದಿನ ಸೀಟಿಗೂ ಡಿಕ್ಕಿಗೂ ನಡುವಿನ ತಗ್ಗನ್ನು ಮುಚ್ಚಿದೆವು. ಇವರು ಸ್ವಲ್ಪ ಓರೆಯಾಗಿ ಮಲಗಬೇಕು. ನನಗೆ ಸರಿಹೋಯಿತು.

ಮಂಡಿಗೆ ಇದಕ್ಕಿಂತ ಸುಖ ಇಲ್ಲ. ಅಂಚಿಗೆ ಸರಿದು ಕಾಲು ಇಳಿಬಿಟ್ಟರೆ ನಿಂತೇಬಿಟ್ಟೆ. ಆದರೆ ಸಾಮಾನೆಲ್ಲ ಎಲ್ಲಿಗೆ ಹೋಗಬೇಕು? ಪ್ರತಿ ಸಂಜೆ ಎಲ್ಲವೂ ಮುಂದಿನ ಸೀಟಿಗೆ, ಪ್ರತಿ ಬೆಳಗ್ಗೆ ವಾಪಸು ಹಿಂದಕ್ಕೆ. ನಮ್ಮ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಎತ್ತಿಡುವ ಹೊತ್ತಿನವು. ಮೊದಲ ದಿನ ಬೀಗ ಹಾಕಿ ಮಲಗಿ, ರಾತ್ರಿ ಒಳಗಿನಿಂದ ಬಾಗಿಲು ತೆರೆದಾಗ ಅಲಾರಂ ಹೊಡೆದುಕೊಂಡು ಸುತ್ತಲಿನವರೆಲ್ಲ ಎದ್ದರು. ಯಾರ ಮುಖವನ್ನೂ ನೋಡದೆ ಬೆಳಗಾಗುವ ಮುಂಚೆಯೇ ಹೊರಟೆವು.

ಕಿಟಕಿಗಳನ್ನು ಎರಡೂ ಕಡೆ ಎರಡೆರಡು ಬೆರಳಷ್ಟು ಇಳಿಸಿ ಸೊಳ್ಳೆ ಪರದೆ ಕಟ್ಟಬೇಕು. ಇಲ್ಲದಿದ್ದರೆ ಇಬ್ಬರ ಉಸಿರಿನ ತೇವವೆಲ್ಲ ಗಾಜಿಗೆ ಕೂತು ಬೆಳಗ್ಗೆ ಮುಖಕ್ಕೆ ತೊಟ್ಟಿಕ್ಕುತ್ತದೆ. ಚಳಿಯಾಯಿತೆಂದು ಎಂಜಿನ್ ಹಚ್ಚಿ ಮಲಗಬೇಡಿ, ಒಲೆಯನ್ನಂತೂ ಟೆಂಟ್ ಒಳಗೂ ಕಾರೊಳಗೂ ಹಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಂದಿದ್ದೇ ಗೊತ್ತಾಗುವುದಿಲ್ಲ.

ನೆಲದ ಟೆಂಟ್‌ಗೆ ಮೊದಲಿನಿಂದಲೂ ನನ್ನ ಓಟು. ಅದರ ಕಷ್ಟವೂ ನನಗೇ ಜಾಸ್ತಿ ಆಯಿತು. ‘ಇಬ್ಬರಿಗೆ’ ಎಂದು ಬರೆದಿರುವುದು ಎರಡು ಮ್ಯಾಟ್ ಒತ್ತೊತ್ತಾಗಿ ಹಾಸುವಷ್ಟು ಮಾತ್ರ, ಅದಕ್ಕೇ ನಾವು ಮೂವರದ್ದು ತಗೊಂಡಿದ್ದೆವು. ಸ್ವಲ್ಪ ಇಳಿಜಾರು ಇದ್ದರೂ ತಲೆ ಮೇಲಕ್ಕಿರಬೇಕು. ಅಡ್ಡಡ್ಡ ಮಲಗಿದ ರಾತ್ರಿ ಇವರು ಪೂರ್ತಿ ನನ್ನ ಮೇಲೇ ಉರುಳಿಕೊಂಡಿದ್ದರು. 34 ವರ್ಷವಾದ ಮೇಲೆ ಅಷ್ಟೊಂದು ಹತ್ತಿರ ಯಾರಿಗೆ ಬೇಕು?

ಚಳಿ ಬರುವುದು ಮೇಲಿಂದಲ್ಲ, ಕೆಳಗಿನಿಂದ. 1000 ಮೀಟರ್ ಹತ್ತಿದರೆ ತಾಪಮಾನ ಸರಾಸರಿ 6 ಡಿಗ್ರಿಗಿಂತ ಜಾಸ್ತಿ ಇಳಿಯುತ್ತದೆ. ಬಯಲಿನಲ್ಲಿ ಸಾಕಾಗಿದ್ದ ಹಾಸು ಬೆಟ್ಟದಲ್ಲಿ ಸಾಕಾಗಲಿಲ್ಲ. ಮ್ಯಾಟ್ ಮೇಲೆ ಆರ್-ವ್ಯಾಲ್ಯೂ ಎಂಬ ಅಂಕಿ ಇರುತ್ತದೆ, ಜಾಸ್ತಿ ಇದ್ದಷ್ಟೂ ನೆಲದ ಚಳಿ ಕಡಿಮೆ ತಟ್ಟುತ್ತದೆ. ಒಂದರ ಮೇಲೊಂದು ಹಾಸಿದರೆ ಆ ಅಂಕಿಗಳು ಕೂಡುತ್ತವೆ. 2ರ ಫೋಮ್ ಮ್ಯಾಟ್ ಕೆಳಗೆ, ಗಾಳಿ ತುಂಬುವ 4ರದ್ದು ಮೇಲೆ ಹಾಕಿದ ದಿನದಿಂದ ನನ್ನ ಸೊಂಟ ಸುಮ್ಮನಾಯಿತು. ದಪ್ಪ ಹೊದಿಕೆಗೆ ದುಡ್ಡು ಹಾಕುವ ಮುಂಚೆ ಹಾಸು ನೋಡಿ.

ಬೆಳಗ್ಗೆ ಏಳುವುದು ಮಾತ್ರ ಕಷ್ಟವೇ. ಮೊದಲು ಮಗ್ಗುಲು, ಆಮೇಲೆ ಅಂಬೆಗಾಲು, ಆಮೇಲೆ ಒಂದು ಸ್ಟೂಲ್ ಹಿಡಿದು ನಿಲ್ಲುವುದು. ಆ ಮಡಚುವ ಸ್ಟೂಲನ್ನು ಬಾಗಿಲಲ್ಲೇ ಇಟ್ಟುಕೊಳ್ಳುತ್ತಿದ್ದೆ.

ಇಷ್ಟಾದರೂ ನೆಲದ ಟೆಂಟೇ ಗೆದ್ದಿತು. ಅದಕ್ಕೆ ಎರಡು ಬಾಗಿಲು, ಇವರಿಗೊಂದು, ನನಗೊಂದು. ಯಾರು ಯಾವಾಗ ಎದ್ದು ಹೋದರೂ ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ಜೊತೆಗೆ ಕಾರು ಖಾಲಿ ಇರುತ್ತದೆ. ಇವರ ಗೊರಕೆ ಏರಿದ ರಾತ್ರಿ ನಾನು ದಿಂಬು ಎತ್ತಿಕೊಂಡು ಹಲಗೆ ಮೇಲೆ ಹೋಗಿ ಮಲಗುತ್ತಿದ್ದೆ. ಟಾಪ್ ಟೆಂಟ್ ಇದ್ದಾಗ ಹಾಗೆ ಮಾಡಿ ನೋಡಿದ್ದೆ. ಮೇಲಿನ ಗೊರಕೆಗೆ ಕಾರಿನ ತಗಡು ನಗಾರಿಯ ಹಾಗೆ ಮೊಳಗುತ್ತಿತ್ತು.

ಒಂದೇ ರಾತ್ರಿ ತಂಗುವ ಕಡೆ ಕಾರಿನೊಳಗೆ, ಎರಡು ರಾತ್ರಿ ಮೀರಿದರೆ ಟೆಂಟ್ ಹಾಕುವುದು ಎಂದು ಕೊನೆಯ ಮೂರು ವಾರ ನಡೆಸಿದೆವು. ಮಂಡಿ ಗಟ್ಟಿ ಇದ್ದು, ದಿನಾ ಊರು ಬದಲಿಸುವವರಿಗೆ ಟಾಪ್ ಟೆಂಟ್ ಚೆನ್ನ, ಅದನ್ನು ಅಲ್ಲ ಅನ್ನುವುದಿಲ್ಲ. ಇವರು ಈಗಲೂ ರಾತ್ರಿ ಫೋನಿನಲ್ಲಿ ಅದರ ಚಿತ್ರಗಳನ್ನು ನೋಡುತ್ತಿರುತ್ತಾರೆ. ಕೈಹಿಡಿ ಇರುವ ಏಣಿ ಬಂದಿದೆಯಂತೆ.