ಎಕ್ಸ್‌ಟೆಂಡೆಡ್ ವಾರಂಟಿಯೋ, ಸರ್ವಿಸ್ ಪ್ಯಾಕೇಜೋ? ನಮ್ಮ ಎರಡು ಕಾರುಗಳ ಲೆಕ್ಕ

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ನನ್ನದು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಹೋಗಿ ಬರುತ್ತದೆ, ಹತ್ತಿರ ಹತ್ತಿರ 120 ಕಿ.ಮೀ. ಇನ್ನೊಂದು ಮೈಸೂರಿನಲ್ಲಿ ಅಪ್ಪನದು. ಮಾರ್ಕೆಟ್ಟು, ದೇವಸ್ಥಾನ, ಆಸ್ಪತ್ರೆ ಅಂತ ವರ್ಷಕ್ಕೆ 5 ಸಾವಿರ ಕಿ.ಮೀ. ಓಡಿದರೆ ಜಾಸ್ತಿ. ನನ್ನ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದೆ, ಅಂದರೆ ದುಡ್ಡು ಕೊಟ್ಟು ಕಂಪನಿ ವಾರಂಟಿಯನ್ನು ಮುಂದುವರಿಸುವುದು. ಅಪ್ಪನದಕ್ಕೆ ಮೂರು ವರ್ಷದ ಸರ್ವಿಸ್ ಪ್ಯಾಕೇಜ್, ಅಂದರೆ ಸರ್ವಿಸ್ ಖರ್ಚನ್ನು ಮೊದಲೇ ಒಟ್ಟಿಗೆ ಕಟ್ಟುವುದು. ಎರಡಕ್ಕೂ ದುಡ್ಡು ಕೊಟ್ಟವನು ನಾನೇ, ಬಿಲ್ಲುಗಳೂ ನನ್ನ ಹತ್ತಿರವೇ ಇವೆ.

ಕಂಪನಿ ವಾರಂಟಿಯಲ್ಲಿ ವರ್ಷಕ್ಕಿಂತ ಕಿ.ಮೀ. ನೋಡಬೇಕು. ಮಾರುತಿಯವರು 2024ರ ಜುಲೈನಲ್ಲಿ 2 ವರ್ಷ ಅಥವಾ 40,000 ಕಿ.ಮೀ. ಇದ್ದದ್ದನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿದರು. ಹ್ಯುಂಡೈನ ಅನೇಕ ಕಾರುಗಳಿಗೆ 3 ವರ್ಷ, ಕಿ.ಮೀ. ಮಿತಿಯೇ ಇಲ್ಲ. ಮಿತಿ ಇದ್ದಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ನನ್ನ ಕಾರು ಮೂರು ವರ್ಷ ತುಂಬುವ ಮೊದಲೇ ಲಕ್ಷ ದಾಟಿತು.

1,12,000 ಕಿ.ಮೀ. ಆದಾಗ ಎಸಿ ಕಂಪ್ರೆಸರ್ ಹೋಯಿತು. ಎಸ್ಟಿಮೇಟ್ 28 ಸಾವಿರ. 17 ಸಾವಿರಕ್ಕೆ ಮಾಡಿಸಿದ್ದ ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಪೂರ್ತಿ ಬಂತು, ಒಂದು ರೂಪಾಯಿ ಕೊಡಲಿಲ್ಲ. ಆದರೆ ಅದೇ ವರ್ಷ ಕ್ಲಚ್ ಪ್ಲೇಟ್ ಹಾಕಿಸಿದ್ದು ನನ್ನ ಕೈಯಿಂದಲೇ. ಬ್ರೇಕ್ ಪ್ಯಾಡ್, ವೈಪರ್ ಕೂಡ ಹಾಗೆಯೇ. ಸವೆಯುವ ಭಾಗಗಳು ವಾರಂಟಿಗೆ ಬರುವುದಿಲ್ಲ, ಕೆಟ್ಟು ಹೋಗುವಂಥವು ಮಾತ್ರ ಬರುತ್ತವೆ. ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತು: ಇಲಿ ವೈರ್ ಕಡಿದರೆ ಅದೂ ವಾರಂಟಿಯಲ್ಲಿ ಇಲ್ಲ. ಇನ್ಶೂರೆನ್ಸ್‌ನಲ್ಲಿ ಸಿಗುತ್ತದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಸವೆಯುವ ಈ ಸಾಮಾನುಗಳೇ ಅಪ್ಪನ ಪ್ಯಾಕೇಜಿನಲ್ಲಿ ಇದ್ದವು. ಆಯಿಲ್, ಫಿಲ್ಟರ್, ಲೇಬರ್, ಜೊತೆಗೆ ಬ್ರೇಕ್ ಪ್ಯಾಡ್, ವೈಪರ್. ಕೊಟ್ಟದ್ದು 21 ಸಾವಿರ. ಅಪ್ಪನಿಗೆ ಸರ್ವಿಸ್ ದಿನ ಬಿಲ್ಲಿನ ತಲೆನೋವು ಇರಲಿಲ್ಲ. ಆದರೆ ಅಷ್ಟು ಕಡಿಮೆ ಓಡಿದ ಕಾರಿನ ಪ್ಯಾಡ್ ಸವೆಯುವುದೆಲ್ಲಿ? ವೈಪರ್ ಒಂದೇ ಸಲ ಬದಲಾಯಿತು. ಜೊತೆಗೆ ಮೊದಲ ಮೂರು ಸರ್ವಿಸ್‌ಗೆ ಲೇಬರ್ ಹೇಗೂ ಫ್ರೀ ಇತ್ತು, ಆಯಿಲ್ ದುಡ್ಡು ಕೊಟ್ಟಿದ್ದರೆ ಸಾಕಿತ್ತು. ಬಿಡಿಬಿಡಿಯಾಗಿ ಕಟ್ಟಿದ್ದರೆ 15 ಸಾವಿರ ದಾಟುತ್ತಿರಲಿಲ್ಲ.

ಪ್ಯಾಕೇಜ್ ಬೇಕಿದ್ದದ್ದು ನನ್ನ ಕಾರಿಗೆ. ಆಗುಂಬೆ ಘಾಟಿ ಇಳಿದು ಹತ್ತಿ ನಾನು ಎರಡು ಸೆಟ್ ಪ್ಯಾಡ್ ಸವೆಸಿದ್ದೇನೆ. ಅಪ್ಪನ ಕಾರಿಗೆ ಬೇಕಿರುವುದು ವಾರಂಟಿ. ಓಡಲಿ ಬಿಡಲಿ, ವರ್ಷ ಕಳೆದಂತೆ ಎಲೆಕ್ಟ್ರಿಕಲ್ ಭಾಗ ಕೈಕೊಡಬಹುದು ಅಲ್ವಾ? ಆ ಕಾರಿಗೆ ಬರುವ ನವೆಂಬರ್‌ನಲ್ಲಿ ಮೂರು ವರ್ಷ ತುಂಬುತ್ತದೆ. ಡೀಲರ್ ಹತ್ತಿರ ಕೇಳಿದೆ, ಹಳೆಯ ವಾರಂಟಿ ಮುಗಿಯುವುದರೊಳಗೆ ಬಂದರೆ ಮಾತ್ರ ಎಕ್ಸ್‌ಟೆಂಡ್ ಮಾಡಿಕೊಡುತ್ತೇವೆ ಎಂದರು. ದಸರಾಕ್ಕೆ ಮೈಸೂರಿಗೆ ಹೋದಾಗ ಮಾಡಿಸಿಯೇ ಬರುತ್ತೇನೆ.