ಬೇವಿನ ಎಣ್ಣೆಯ ಒಂದು ಬಾಟಲಿ, ಮನೆಯಲ್ಲೇ ಕಟ್ಟಿದ ಗಿಡದ ಕಪಾಟು

ಮೂರು ತಿಂಗಳ ಹಿಂದೆ ತರಿಸಿಕೊಂಡ ನೂರು ಮಿಲಿಲೀಟರಿನ ಬೇವಿನ ಎಣ್ಣೆಯ ಬಾಟಲಿಯಲ್ಲಿ ಈಗ ಉಳಿದಿರುವುದು ಕಾಲು ಭಾಗ ಮಾತ್ರ. ಅದರ ಮೈಗೆ ಅಂಟಿಸಿದ ಚೀಟಿಯಲ್ಲಿ ‘ಎಲ್ಲ ಬಗೆಯ ಕೀಟಗಳೂ 24 ಗಂಟೆಯೊಳಗೆ ನಾಶ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಒಳಗಿರುವ ಎಣ್ಣೆ ಒಳ್ಳೆಯದು, ಹೊರಗಿರುವ ಚೀಟಿ ಕೆಟ್ಟದ್ದು ಎಂಬುದು ಇಷ್ಟು ದಿನ ಬಳಸಿದ ಮೇಲೆ ನನಗೆ ಬಂದ ಅಭಿಪ್ರಾಯ. ಚೀಟಿಯನ್ನು ನಂಬಿ ನಡೆದ ಮೊದಲ ಎರಡು ವಾರ ವ್ಯರ್ಥವಾದವು, ಒಂದು ಗಿಡವೂ ಹೋಯಿತು. ಆದ್ದರಿಂದ ಎಣ್ಣೆಯ ಗುಣದ ಬಗ್ಗೆ ಎಷ್ಟು ಹೇಳಬೇಕೋ, ಅದನ್ನು ಬಳಸುವ ಕ್ರಮದ ಬಗ್ಗೆಯೂ ಅಷ್ಟೇ ಹೇಳಬೇಕಾಗಿದೆ.

ಎಣ್ಣೆಯನ್ನು ಪರೀಕ್ಷಿಸಿದ ಜಾಗ ಯಾವುದೆಂದು ಮೊದಲು ತಿಳಿಸಿಬಿಡುತ್ತೇನೆ. ಹಳೆಯ ಪುಸ್ತಕದ ಕಪಾಟೊಂದರ ನಡುವಿನ ಹಲಗೆಗಳನ್ನು ಕಳಚಿ, ಒಳಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದು, ಮೇಲೆ ಒಂದು ಎಲ್‌ಇಡಿ ಬೆಳಕಿನ ಹಲಗೆಯನ್ನು ಸರಪಳಿಯಲ್ಲಿ ತೂಗುಹಾಕಿದ್ದೇನೆ. ಬಿಸಿಗಾಳಿ ಹೊರಹೋಗಲೆಂದು ಮೇಲ್ಭಾಗದಲ್ಲಿ ದುಂಡಗೆ ಕೊರೆದು, ಕೆಟ್ಟುಹೋದ ಕಂಪ್ಯೂಟರಿನಿಂದ ತೆಗೆದ 120 ಮಿಲಿಮೀಟರಿನ ಫ್ಯಾನ್ ಕೂಡಿಸಿದೆ. ಮೂಲೆಯಲ್ಲಿ ಬಿದ್ದಿದ್ದ 12 ವೋಲ್ಟಿನ ಅಡಾಪ್ಟರ್ ಅದಕ್ಕೆ ಸಾಕಾಯಿತು. ಗಾಳಿ ಒಳಬರುವ ಕೆಳಗಿನ ಕಿಂಡಿಗೆ ಮೊದಲು ಸೊಳ್ಳೆಪರದೆಯ ತುಂಡು ಕಟ್ಟಿದ್ದೆ. ಆದರೆ ಥ್ರಿಪ್ಸ್‌ನಂಥ ಸಪೂರ ಕೀಟಕ್ಕೆ ಸೊಳ್ಳೆಪರದೆಯ ಕಣ್ಣೆಂದರೆ ತೆರೆದ ಬಾಗಿಲೇ ಸರಿ, ಹಾಗಾಗಿ ಆಮೇಲೆ ಹಳೆಯ ನೈಲಾನ್ ಕಾಲುಚೀಲವನ್ನು ಎರಡು ಪದರ ಮಾಡಿ ಬಿಗಿದೆ. ಒಳಗಿರುವುದು ಆರು ಮೆಣಸಿನ ಗಿಡಗಳು. ದಿನಕ್ಕೆ 16 ಗಂಟೆ ಬೆಳಕು, ಎಂಟು ಗಂಟೆ ಕತ್ತಲೆ.

ಕಷ್ಟ ಶುರುವಾದದ್ದು ಎಲೆಗಳ ಮೇಲೆ ರವೆ ಚೆಲ್ಲಿದಂತೆ ಸಣ್ಣ ಸಣ್ಣ ಬಿಳಿಚುಕ್ಕೆಗಳು ಕಂಡಾಗ. ಎಲೆಯನ್ನು ಮಗುಚಿ ಭೂತಗನ್ನಡಿ ಹಿಡಿದರೆ ಅಡಿಯ ನರಗಳ ಪಕ್ಕದಲ್ಲಿ ಅರ್ಧ ಮಿಲಿಮೀಟರಿನ ಜೀವಿಗಳು, ಬೆನ್ನಿನ ಇಕ್ಕೆಲದಲ್ಲೂ ಒಂದೊಂದು ಕಪ್ಪು ಮಚ್ಚೆ, ನಡುನಡುವೆ ಗಾಜಿನ ಮಣಿಗಳಂಥ ದುಂಡು ಮೊಟ್ಟೆಗಳು. ಇದು ಜೇಡನುಸಿ. ಎಂಟು ಕಾಲಿನ ಈ ಪ್ರಾಣಿ ಕೀಟವೇ ಅಲ್ಲ, ಜೇಡದ ಬಳಗದ್ದು; ಕೀಟಗಳಿಗೆಂದು ಮಾಡಿದ ಎಷ್ಟೋ ಔಷಧಗಳು ಇದಕ್ಕೆ ನಾಟುವುದೇ ಇಲ್ಲ. ಬಿಸಿ ಮತ್ತು ಒಣಗಾಳಿ ಎರಡೂ ಸೇರಿದರೆ ಇದಕ್ಕೆ ಹಬ್ಬ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೊಟ್ಟೆಯಿಂದ ಹೊರಬಂದು ತಾನೇ ಮೊಟ್ಟೆಯಿಡುವ ಹಂತಕ್ಕೆ ಬರಲು ಸುಮಾರು ಒಂದು ವಾರ ಸಾಕು. ಬೆಳಕಿನ ಹಲಗೆಯನ್ನು ತೀರ ಕೆಳಗಿಳಿಸಿ, ಫ್ಯಾನನ್ನು ಹಗಲಿರುಳು ಓಡಿಸಿ ನಾನು ಕಪಾಟಿನೊಳಗೆ ಕಟ್ಟಿಕೊಟ್ಟಿದ್ದು ಅಂಥದೇ ಹವೆಯನ್ನು. ಈ ತಪ್ಪು ನನ್ನದು, ಎಣ್ಣೆಯದಲ್ಲ.

ಬಾಟಲಿ ಬಂದಾಗ ಮೊದಲು ಹುಡುಕಿದ್ದು ಒಂದು ಅಂಕಿಯನ್ನು. ಬೇವಿನ ಬೀಜದಲ್ಲಿ ಕೀಟದ ಮೇಲೆ ಪ್ರಭಾವ ಬೀರುವ ಮುಖ್ಯ ವಸ್ತು ಅಜಾಡಿರಾಕ್ಟಿನ್. ಅದು ಎಷ್ಟಿದೆ ಎಂಬುದನ್ನು ಕೃಷಿ ಬಳಕೆಯ ಬಾಟಲಿಗಳ ಮೇಲೆ 300, 1500, 10000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಎಂದು ನಮೂದಿಸುವ ರೂಢಿಯಿದೆ. ನನ್ನ ಬಾಟಲಿಯ ಮೇಲೆ ‘ಶುದ್ಧ’ ಎಂಬ ಪದ ಮೂರು ಕಡೆ, ‘ನೈಸರ್ಗಿಕ’ ಎಂಬುದು ನಾಲ್ಕು ಕಡೆ ಇತ್ತು. ಅಂಕಿ ಎಲ್ಲೂ ಇರಲಿಲ್ಲ. ಇದು ಸಣ್ಣ ಲೋಪವಲ್ಲ. ಅಜಾಡಿರಾಕ್ಟಿನನ್ನು ಬೇರ್ಪಡಿಸಿ ತೆಗೆದುಕೊಂಡ ಮೇಲೆ ಉಳಿಯುವ ತಿಳಿ ಎಣ್ಣೆಯೂ ಬೇವಿನ ಎಣ್ಣೆಯೆಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಅದು ಕೀಟದ ಮೈಮೇಲೆ ಪದರ ಕಟ್ಟಿ ಉಸಿರುಗಟ್ಟಿಸುತ್ತದೆ, ಬೂದಿರೋಗಕ್ಕೂ ಆಗುತ್ತದೆ, ಆದರೆ ಇಡೀ ಎಣ್ಣೆ ಮಾಡುವ ಕೆಲಸವನ್ನು ಅದು ಮಾಡಲಾರದು. ಇನ್ನು ಅಜಾಡಿರಾಕ್ಟಿನನ್ನು ಬೀಜದಿಂದ ಮೊದಲು ಬೇರ್ಪಡಿಸಿದ್ದು 1968ರಲ್ಲಿ. ಆ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟುವ ಕೆಲಸ ಕೇಂಬ್ರಿಜ್‌ನ ರಸಾಯನಶಾಸ್ತ್ರಜ್ಞ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿದು 2007ರಲ್ಲಷ್ಟೇ ಮುಗಿಯಿತು. ಅಷ್ಟು ಜಟಿಲವಾದ್ದರಿಂದ ಅದು ಇಂದಿಗೂ ಬೀಜದಿಂದಲೇ ಬರಬೇಕು. ಬೀಜದ ತಳಿ, ಒಣಗಿಸಿದ ರೀತಿ, ಇಟ್ಟ ಅವಧಿ ಇವೆಲ್ಲಕ್ಕೂ ತಕ್ಕಂತೆ ಪ್ರಮಾಣ ಏರುಪೇರಾಗುತ್ತದೆ. ಅಂಕಿಯಿಲ್ಲದ ಬಾಟಲಿಯನ್ನು ಕೊಳ್ಳುವವರು ಕಣ್ಣು ಕಟ್ಟಿಕೊಂಡು ಕೊಂಡಂತೆ. ಪ್ರಮಾಣವೆಷ್ಟೆಂದು ಕೇಳಿ ಮಾರಾಟಗಾರರಿಗೆ ಬರೆದೆ. ಮರುದಿನವೇ ಉತ್ತರ ಬಂತು, ಆದರೆ ಅದರಲ್ಲಿದ್ದದ್ದು ಮುಂದಿನ ಖರೀದಿಗೆ ರಿಯಾಯಿತಿ ಕೊಡುವ ಒಂದು ಕೋಡ್ ಮಾತ್ರ.

ಹೀಗಾಗಿ ಮೂಗು ಮತ್ತು ಕಣ್ಣನ್ನೇ ನಂಬಬೇಕಾಯಿತು. ಮುಚ್ಚಳ ತೆರೆದೊಡನೆ ಬೆಳ್ಳುಳ್ಳಿಯನ್ನು ಸೀಯಿಸಿದಂಥ ಗಾಢವಾದ ಗಂಧಕದ ವಾಸನೆ ಹೊಡೆಯಿತು, ಬಣ್ಣ ಕಂದು ಬೆರೆತ ಹಳದಿ, ಚಳಿಯಿದ್ದ ಒಂದು ಬೆಳಿಗ್ಗೆ ತಳದಲ್ಲಿ ತುಪ್ಪದಂತೆ ಹೆಪ್ಪುಗಟ್ಟಿತ್ತು. ಇವೆಲ್ಲ ಗಾಣದಲ್ಲಿ ತಣ್ಣಗೆ ಹಿಂಡಿದ ಇಡೀ ಎಣ್ಣೆಯ ಲಕ್ಷಣಗಳು. ಹೆಪ್ಪುಗಟ್ಟಿದ್ದನ್ನು ಕಂಡು ಕೆಟ್ಟಿದೆಯೆಂದು ಚೆಲ್ಲಬಾರದು. ಉಗುರು ಬೆಚ್ಚಗಿನ ನೀರಿನಲ್ಲಿ ಬಾಟಲಿಯನ್ನು ಹತ್ತು ನಿಮಿಷ ನಿಲ್ಲಿಸಿದರೆ ತಾನಾಗಿ ಕರಗುತ್ತದೆ.

‘24 ಗಂಟೆಯೊಳಗೆ ನಾಶ’ ಎಂಬ ಮಾತಿಗೆ ಬರೋಣ. ಅಜಾಡಿರಾಕ್ಟಿನ್ ಹಾಗೆ ಕೆಲಸ ಮಾಡುವ ವಸ್ತುವೇ ಅಲ್ಲ. ಅದು ಕೀಟಕ್ಕೆ ಎಲೆಯನ್ನು ರುಚಿಸದಂತೆ ಮಾಡುತ್ತದೆ, ಮರಿಗಳು ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗಲು ಬೇಕಾದ ಹಾರ್ಮೋನಿನ ವ್ಯವಸ್ಥೆಯನ್ನು ಕೆಡಿಸುತ್ತದೆ. ಮೊಟ್ಟೆಗಳು ಬಹುಪಾಲು ಉಳಿದುಕೊಳ್ಳುತ್ತವೆ. ಮೊದಲ ಸಿಂಪಡಣೆಯ ಮರುದಿನ ನುಸಿಗಳು ಓಡಾಡುತ್ತಲೇ ಇದ್ದುದನ್ನು ನೋಡಿ ನಾನು ಚೀಟಿಯಲ್ಲಿದ್ದ ‘ಬೇಕಾದರೆ ಹೆಚ್ಚು ಬಳಸಿ’ ಎಂಬ ಸಲಹೆಯಂತೆ ಎಣ್ಣೆಯನ್ನು ದುಪ್ಪಟ್ಟು ಮಾಡಿದೆ. ಅಂಚಿನಲ್ಲಿದ್ದ ಗಿಡದ ಎಲೆಗಳು ಎರಡು ದಿನದಲ್ಲಿ ಕಾಗದದಂತೆ ಗರಿಗರಿಯಾಗಿ ಉದುರಿದವು. ಎಣ್ಣೆ ಎಲೆಯ ಉಸಿರಾಟದ ರಂಧ್ರಗಳನ್ನೂ ಮುಚ್ಚುತ್ತದೆ, ಜೊತೆಗೆ ನಾನು ಸಿಂಪಡಿಸಿದ್ದು ದೀಪ ಉರಿಯುತ್ತಿದ್ದ ಹೊತ್ತಿನಲ್ಲಿ. ಎಣ್ಣೆ ಸವರಿದ ಎಲೆಯ ಮೇಲೆ ಪ್ರಖರ ಬೆಳಕು ಬಿದ್ದರೆ ಆಗುವುದೇ ಇದು. ಸಿಂಪಡಣೆಯನ್ನು ಕತ್ತಲೆಯ ಅವಧಿ ಶುರುವಾಗುವಾಗ ಮಾಡಬೇಕೆಂಬ ಒಂದು ಸಾಲು ಚೀಟಿಯಲ್ಲಿದ್ದರೆ ಆ ಗಿಡ ಉಳಿಯುತ್ತಿತ್ತು. ಬೆಳಕಿಗೆ ಅಜಾಡಿರಾಕ್ಟಿನ್ ಬೇಗ ಒಡೆದುಹೋಗುವುದರಿಂದ ಔಷಧದ ದೃಷ್ಟಿಯಿಂದಲೂ ಕತ್ತಲೆಯೇ ಲೇಸು.

ಎಣ್ಣೆಯನ್ನು ನೀರಿಗೆ ಬೆರೆಸುವ ವಿಷಯದಲ್ಲಂತೂ ಚೀಟಿ ಬಾಯಿಬಿಡುವುದೇ ಇಲ್ಲ. ‘ನೀರಿನಲ್ಲಿ ಬೆರೆಸಿ ಸಿಂಪಡಿಸಿ’ ಎನ್ನುತ್ತದೆ, ಎಣ್ಣೆ ನೀರಿನಲ್ಲಿ ಬೆರೆಯುವಂತೆ! ನಾನು ಕೊನೆಗೆ ಕಂಡುಕೊಂಡ ಕ್ರಮ ಹೀಗಿದೆ. ಒಂದು ಲೀಟರ್ ದ್ರಾವಣಕ್ಕೆ ಐದು ಮಿಲಿಲೀಟರ್ ಎಣ್ಣೆ, ಎರಡು ಮಿಲಿಲೀಟರ್ ಪೊಟ್ಯಾಸಿಯಂ ದ್ರವ ಸೋಪು. ಪಾತ್ರೆ ತೊಳೆಯುವ ಮಾರ್ಜಕ ಬೇಡ, ಅದು ಎಲೆಯ ಮೇಲಿನ ಮೇಣವನ್ನೇ ತೊಳೆದುಬಿಡುತ್ತದೆ. ಮೊದಲು ಅರ್ಧ ಲೋಟ ಬೆಚ್ಚನೆಯ ನೀರಿಗೆ ಸೋಪನ್ನು ಕದಡಿ, ಆಮೇಲೆ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತಾ ಮುಚ್ಚಿದ ಸೀಸೆಯಲ್ಲಿ ಕುಲುಕಬೇಕು. ತೆಳು ಹಾಲಿನ ಬಣ್ಣ ಬಂದು, ಐದು ನಿಮಿಷ ಸುಮ್ಮನಿಟ್ಟರೂ ಮೇಲೆ ಎಣ್ಣೆಯ ಕಣ್ಣುಗಳು ತೇಲದಿದ್ದರೆ ಬೆರೆತಿದೆ ಎಂದರ್ಥ. ಉಳಿದ ನೀರನ್ನು ಆಮೇಲೆ ಸೇರಿಸಬೇಕು. ನನ್ನ ಮೊದಲ ಪ್ರಯತ್ನದಲ್ಲಿ ದ್ರಾವಣ ಮೊಸರೊಡೆದಂತೆ ಗಸಿಗಸಿಯಾಯಿತು. ಕಾರಣ ಗಡಸು ನೀರು: ಅದರಲ್ಲಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಕರಗದ ಗಸಿಯಾಗುತ್ತದೆ. ಶೋಧಿಸಿದ ಮಳೆನೀರಿಗೆ ಬದಲಾಯಿಸಿದ ಮೇಲೆ ಆ ತೊಂದರೆ ಕಾಣಲಿಲ್ಲ. ಬೆರೆಸಿದ್ದನ್ನು ಅಂದೇ ಮುಗಿಸಬೇಕು, ನಾಳೆಗೆಂದು ಇಟ್ಟರೆ ಸತ್ವ ಕುಂದುತ್ತದೆ.

ನುಸಿ ಇರುವುದು ಎಲೆಯ ಅಡಿಯಲ್ಲಿ, ಸಿಂಪಡಿಸುವ ಸಾಧನಗಳ ಮೂತಿ ಇರುವುದು ಮುಂದಕ್ಕೆ. ಬಾಟಲಿಯ ಜೊತೆ ಉಚಿತವಾಗಿ ಬಂದ ಪುಟ್ಟ ಸಿಂಪಡಕ ಈ ಕಾರಣಕ್ಕೆ ನಿಷ್ಪ್ರಯೋಜಕ. ನಾನು ಒತ್ತಡ ತುಂಬುವ ಒಂದು ಹಳೆಯ ಸಿಂಪಡಕದ ಪ್ಲಾಸ್ಟಿಕ್ ನಳಿಕೆಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಮೆತ್ತಗಾದಾಗ ಕೊಡೆಯ ಹಿಡಿಯಂತೆ ಬಗ್ಗಿಸಿ, ತಣ್ಣೀರಿನಲ್ಲಿ ಮುಳುಗಿಸಿ ಗಟ್ಟಿಮಾಡಿದೆ. ಮೂತಿ ಮೇಲ್ಮುಖವಾದದ್ದೇ ತಡ, ಗಿಡದ ಬುಡದಿಂದ ಮೇಲಕ್ಕೆ ಸಿಂಪಡಿಸುವುದು ಸಲೀಸಾಯಿತು. ಇಡೀ ಪ್ರಯೋಗದಲ್ಲಿ ಅತಿ ಹೆಚ್ಚು ಉಪಕಾರ ಮಾಡಿದ ಸಾಧನ ಯಾವುದೆಂದು ಕೇಳಿದರೆ ಈ ಬಗ್ಗಿದ ನಳಿಕೆಯನ್ನೇ ತೋರಿಸುತ್ತೇನೆ.

ಐದು ದಿನಕ್ಕೊಮ್ಮೆ, ಒಟ್ಟು ಮೂರು ಬಾರಿ ಸಿಂಪಡಿಸಿದೆ, ಉಳಿದುಕೊಂಡ ಮೊಟ್ಟೆಗಳಿಂದ ಬರುವ ಮರಿಗಳು ದೊಡ್ಡವಾಗುವ ಮೊದಲೇ ಮುಂದಿನ ಸುತ್ತು ಬೀಳಲೆಂದು. ಹೋಲಿಕೆಗಾಗಿ ಒಂದು ಗಿಡಕ್ಕೆ ಎಣ್ಣೆಯಿಲ್ಲದ ಬರಿಯ ಸೋಪು ನೀರನ್ನೇ ಕೊಟ್ಟೆ. ಪ್ರತಿ ಗಿಡದಲ್ಲೂ ಒಂದು ಎಲೆಯ ತೊಟ್ಟಿಗೆ ಕೆಂಪು ದಾರ ಕಟ್ಟಿ ಅದೇ ಎಲೆಯನ್ನು ಭೂತಗನ್ನಡಿಯಲ್ಲಿ ಎಣಿಸುತ್ತಾ ಬಂದೆ. ಎಣ್ಣೆ ಬಿದ್ದ ಒಂದು ಎಲೆಯಲ್ಲಿ ಮೊದಲಿಗೆ 41 ನುಸಿಗಳಿದ್ದವು. ಮೊದಲ ಸುತ್ತಿನ ನಂತರ 29, ಎರಡನೆಯದರ ನಂತರ 11, ಮೂರನೆಯದರ ನಂತರ ಮೂರು. ಸೋಪಿನ ಗಿಡದಲ್ಲಿ ಮೊದಲ ದಿನ ಇಳಿಕೆ ಇನ್ನೂ ಚುರುಕಾಗಿತ್ತು, ಆದರೆ ಸೋಪು ಒದ್ದೆಯಿರುವವರೆಗೆ ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಅದರ ಕೆಲಸ ಮುಗಿಯಿತು. ಸಿಂಪಡಣೆ ನಿಲ್ಲಿಸಿದ ವಾರದೊಳಗೆ ಅಲ್ಲಿ ನುಸಿಗಳು ಮತ್ತೆ ಬಲೆ ಕಟ್ಟಿದ್ದವು. ಎಣ್ಣೆ ಅಷ್ಟು ಬೇಗ ಕೈಬಿಡಲಿಲ್ಲ. ಒಂದು ಮಾತು ಮುಚ್ಚಿಡಬಾರದು: ಇದೇ ಅವಧಿಯಲ್ಲಿ ಬೆಳಕಿನ ಹಲಗೆಯನ್ನು ಒಂದು ಗೇಣು ಮೇಲಕ್ಕೆತ್ತಿದ್ದೆ, ತಳದಲ್ಲಿ ನೀರು ತುಂಬಿದ ತಟ್ಟೆ ಇಟ್ಟಿದ್ದೆ. ಇಳಿಕೆಯ ಒಂದಿಷ್ಟು ಶ್ರೇಯ ಅವುಗಳಿಗೂ ಸಲ್ಲಬೇಕು.

ಮಣ್ಣಿನಿಂದೇಳುವ ಸಣ್ಣ ಕರಿನೊಣಗಳಿಗೂ ಇದೇ ರಾಮಬಾಣ ಎಂದು ಚೀಟಿ ಹೇಳುತ್ತದೆ. ನನ್ನಲ್ಲಿ ಹಾಗೇನೂ ಆಗಲಿಲ್ಲ. ಅವುಗಳ ಮರಿಗಳು ಇರುವುದು ಸದಾ ಒದ್ದೆಯಾಗಿರುವ ಮೇಲ್ಮಣ್ಣಿನಲ್ಲಿ. ಎರಡು ಬೆರಳಿನಷ್ಟು ಮಣ್ಣು ಒಣಗುವವರೆಗೆ ನೀರು ತಡೆಹಿಡಿದು, ಮೇಲೊಂದು ಪದರ ಮರಳು ಹರಡಿದ ಮೇಲೆ ಅವು ತಾವಾಗಿ ಕಡಿಮೆಯಾದವು. ಹಾರುತ್ತಿದ್ದವನ್ನು ಹಳದಿ ಬಣ್ಣ ಬಳಿದ ರಟ್ಟಿಗೆ ಹರಳೆಣ್ಣೆ ಸವರಿ ಹಿಡಿದೆ.

ಇಂಥ ಕಪಾಟು, ಇಂಥ ಎಣ್ಣೆ ಎರಡನ್ನೂ ಮನೆಯೊಳಗೆ ಗಾಂಜಾ ಬೆಳೆಯುವವರೂ ಬಳಸುತ್ತಾರೆ. ಕೆನಡಾದ ಬಹುತೇಕ ಪ್ರಾಂತ್ಯಗಳಲ್ಲಿ 2018ರಿಂದ ಮನೆಗೆ ನಾಲ್ಕು ಗಿಡ, ಜರ್ಮನಿಯಲ್ಲಿ 2024ರಿಂದ ವಯಸ್ಕರೊಬ್ಬರಿಗೆ ಮೂರು ಗಿಡ ಬೆಳೆಯಲು ಕಾನೂನಿನ ಒಪ್ಪಿಗೆಯಿದೆ. ಒಪ್ಪಿಗೆಯಿಲ್ಲದ ಕಡೆ ಅದು ಅಪರಾಧ. ಅವರ ವಿಷಯದಲ್ಲಿ ಈ ಎಣ್ಣೆಗೊಂದು ಕಟ್ಟುನಿಟ್ಟಾದ ಮಿತಿಯುಂಟು. ಮೆಣಸಿನಕಾಯಿಯನ್ನು ತೊಳೆಯಬಹುದು, ಅಂಟುಅಂಟಾದ ಹೂವಿನ ತೆನೆಯನ್ನು ತೊಳೆಯಲಾಗದು. ಮೇಲಾಗಿ ಅದನ್ನು ಸುಟ್ಟು ಹೊಗೆಯನ್ನು ಒಳಗೆಳೆದುಕೊಳ್ಳುವುದರಿಂದ ಎಣ್ಣೆಯ ಶೇಷ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಹೂ ಕಾಣಿಸಿಕೊಂಡ ಮೇಲೆ ಎಣ್ಣೆಯನ್ನು ಮುಟ್ಟಲೇಬಾರದು. ಆ ಹಂತದಲ್ಲಿ ನುಸಿ ತಿನ್ನುವ ಪರಭಕ್ಷಕ ನುಸಿಗಳನ್ನು ಬಿಡುವುದು ಲೇಸು. ಆದರೆ ಎಣ್ಣೆ ಹೊಡೆದ ಬೆನ್ನಲ್ಲೇ ಅವನ್ನು ಬಿಟ್ಟರೆ ಅವೂ ಸಾಯುತ್ತವೆ. ಚೀಟಿಯಲ್ಲಿರುವುದು ಮಾತ್ರ ‘ಕೊಯ್ಲಿನ ದಿನದವರೆಗೂ ಸುರಕ್ಷಿತ’ ಎಂಬ ಮಾತು.

ಸುರಕ್ಷತೆಯ ಮಾತು ಬಂದದ್ದರಿಂದ ಮುಚ್ಚಳದ ಬಗೆಗಿನ ದೂರನ್ನೂ ದಾಖಲಿಸುತ್ತೇನೆ. ನೈಸರ್ಗಿಕವಾದದ್ದೆಲ್ಲ ನಿರಪಾಯವಲ್ಲ, ಬೇವಿನ ಎಣ್ಣೆ ಹೊಟ್ಟೆಗೆ ಹೋದರೆ ಎಳೆಯ ಮಕ್ಕಳಿಗೆ ಪ್ರಾಣಾಪಾಯವಾಗುವಷ್ಟು ವಿಷ. ಈ ಬಾಟಲಿಯ ಮುಚ್ಚಳವಾದರೋ ಎರಡು ಬೆರಳಿನಲ್ಲಿ ತಿರುಗಿಸಿದರೆ ತೆರೆದುಕೊಳ್ಳುತ್ತದೆ, ಸುರಿಯುವಾಗ ಎಣ್ಣೆ ಕತ್ತಿನಿಂದಿಳಿದು ಚೀಟಿಯನ್ನೆಲ್ಲ ನೆನೆಸುತ್ತದೆ. ಅಳತೆಗೆ ಗುರುತೂ ಇಲ್ಲ. ನಾನು ಸೂಜಿ ತೆಗೆದ ಸಿರಿಂಜಿನಲ್ಲಿ ಎಳೆದು ಅಳೆಯುತ್ತೇನೆ. ವಾಸನೆ ಕಪಾಟಿನಲ್ಲಿ ಎರಡು ದಿನ ನಿಲ್ಲುತ್ತದೆ, ಮನೆಯವರ ಗೊಣಗಾಟ ಅದಕ್ಕಿಂತ ಹೆಚ್ಚು.

ಐದರಲ್ಲಿ ಎಣ್ಣೆಗೆ ನಾಲ್ಕು, ಚೀಟಿಗೂ ಬಾಟಲಿಗೂ ಸೇರಿಸಿ ಒಂದು ಅಂಕ ಕೊಡುತ್ತೇನೆ. ನಾಲ್ಕಾರು ಕುಂಡ ಇಟ್ಟುಕೊಂಡು, ಐದು ದಿನಕ್ಕೊಮ್ಮೆ ಎಲೆ ಮಗುಚಿ ನೋಡುವ ತಾಳ್ಮೆಯಿರುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಒಮ್ಮೆ ಸಿಂಪಡಿಸಿ ಮರೆತುಬಿಡುವ ಆಸೆಯಿರುವವರಿಗೆ ಇದು ಹೇಳಿಸಿದ್ದಲ್ಲ. ಮುಂದಿನ ಬಾರಿ ನಾನು ಪಿಪಿಎಂ ಅಂಕಿ, ತಯಾರಾದ ತಿಂಗಳು ಎರಡೂ ಅಚ್ಚಾಗಿರುವ ಬೇರೊಂದು ಬಾಟಲಿಯನ್ನು ತರಿಸುತ್ತೇನೆ. ಆ ರಿಯಾಯಿತಿಯ ಕೋಡ್ ಬೇಕಾದವರು ಇಟ್ಟುಕೊಳ್ಳಬಹುದು.